ಭಾವನ ಚೀನೀ ಯುದ್ಧನೌಕೆ

ನಮ್ಮ ಭಾವ, ಅಕ್ಕನ ಗಂಡ, ಜನ್ಮದಲ್ಲಿ ಸಮುದ್ರ ನೋಡದೆಯೇ ಸಮುದ್ರಯುದ್ಧ ಮಾಡಿದವರು. ನಗುತ್ತೀರಾ? ನಗಿ! ನನಗಂತೂ ಆ ವಿಷಯಕ್ಕೆ ನಗು ಬತ್ತಿ ಬಹಳ ವರ್ಷವಾಯಿತು.

ಮನೆ ನಂಜನಗೂಡಿನಲ್ಲಿ. ಕೆಲಸ ತಿ. ನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ, ಡ್ರಾಯಿಂಗ್ ಮೇಷ್ಟ್ರು. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಬೋಂಡ ಕಟ್ಟಿಕೊಟ್ಟ ಕಾಗದದಲ್ಲಿ ಚೀನಾದ ಹಳೇ ಹಾಯಿಹಡಗಿನ ಚಿತ್ರ ಕಂಡರಂತೆ. ಬೋಂಡ ತಣ್ಣಗಾಯಿತು, ಮನುಷ್ಯ ಬಿಸಿಯಾದರು! "ಇದಕ್ಕೆ ಇಂಗ್ಲಿಷಲ್ಲಿ ಜಂಕ್ ಅಂತಾರೆ ಕಣಯ್ಯ, ಹಿತ್ತಲಲ್ಲಿ ಒಂದು ಕಟ್ತೀನಿ" ಎಂದು ಬಸ್ಸಿನ ತುಂಬ ಸಾರಿದರು. ಮರುದಿನ ಗುಜರಿಯವನು ತಕ್ಕಡಿ ಹಿಡಿದು ಬಾಗಿಲಿಗೆ ಬಂದ. "ಜಂಕು ಎಷ್ಟ್ ಕೇಜಿ ಐತೆ ಸಾ?"

ಶಾಲೆಯಲ್ಲಿ ಮಾವಿನಹಣ್ಣು ಬರೆಸಬೇಕಿದ್ದ ದಿನ ಇನ್‌ಸ್ಪೆಕ್ಟರು ಬಂದರು. ನೋಡಿದರೆ ಇಡೀ ತರಗತಿ ಯುದ್ಧನೌಕೆ ಬರೆದಿದೆ!

"ಏನ್ರೀ ಇದು? ಮಾವಿನಹಣ್ಣು ಎಲ್ಲಿ?"

"ಒಳಗಡೆ ಲೋಡ್ ಮಾಡವ್ರೆ ಸಾ" ಎಂದಳು ಮುಂದಿನ ಬೆಂಚಿನ ಹುಡುಗಿ.

ಊರೆಲ್ಲ ನಕ್ಕಿತು. ಅಕ್ಕನೂ ನಕ್ಕಳು, ಪಾಪ. ಅವಳ ಸರದಿ ಇನ್ನೂ ಬಂದಿರಲಿಲ್ಲ.

ಆ ಹಡಗಿನ ಹಾಯಿಗೆ ಅಡ್ಡಡ್ಡಲಾಗಿ ಬಿದಿರಿನ ದಬ್ಬೆ ಕಟ್ಟಿರುತ್ತಾರಂತೆ. ಗುಂಡು ಬಿದ್ದು ತೂತಾದರೂ ಒಂದು ಪಟ್ಟಿ ಹರಿಯುತ್ತದೆ, ಮಿಕ್ಕದ್ದು ಗಾಳಿ ಹಿಡಿಯುತ್ತದೆ. ಇದನ್ನು ಪರೀಕ್ಷಿಸಲು ಗಟ್ಟಿ ಬಟ್ಟೆ ಬೇಕಲ್ಲ? ಟ್ರಂಕಿನಲ್ಲಿ ಅಕ್ಕನ ಧಾರೆ ಸೀರೆ ಇತ್ತು!

"ಇಲ್ನೋಡೇ, ಒಂದೇ ಪಟ್ಟಿ ಹರಿದಿದೆ" ಎಂದು ಸಂಭ್ರಮದಿಂದ ತೋರಿಸಿದರಂತೆ.

"ಮಿಕ್ಕದ್ದನ್ನ ನಾನು ಉಟ್ಕೊಂಡು ಗಾಳಿ ಹಿಡೀಲಾ?" ಎಂದಳು ಅಕ್ಕ. ಆ ವಾರವಿಡೀ ಅವಳು ಇನ್ನೊಂದು ಮಾತಾಡಲಿಲ್ಲ. ಭಾವನಿಗೆ ಅದು ಗೊತ್ತಾದದ್ದು ಭಾನುವಾರ.

ಆಮೇಲೆ ಬೆಂಕಿದೋಣಿ. ಚೀನಾದವರು ಎರಡು ತುಂಡಿನ ದೋಣಿ ಮಾಡುತ್ತಿದ್ದರಂತೆ. ಮುಂದಿನ ತುಂಡಿನಲ್ಲಿ ಮದ್ದು ತುಂಬಿ ಶತ್ರುವಿನ ಹಡಗಿಗೆ ಮೊಳೆಯಿಂದ ಚುಚ್ಚಿಸಿ, ಕೊಂಡಿ ಕಳಚಿ, ಹಿಂದಿನ ತುಂಡಿನಲ್ಲಿ ಪರಾರಿ! ಭಾವ ಅಂಥದ್ದೊಂದು ಕಟ್ಟಿ ಕಪಿಲಾ ಹೊಳೆಗೆ ಇಳಿಸಿ, ಹಿಂದಿನ ತುಂಡಿನಲ್ಲಿ ತಾವೇ ಕೂತರು. ಶತ್ರುವಿನ ಪಾತ್ರಕ್ಕೆ ಬೆಸ್ತನೊಬ್ಬನ ಖಾಲಿ ಹರಿಗೋಲು ಕೇಳಿ ತಂದಿದ್ದರು. ದಡದಲ್ಲಿ ಜನವೋ ಜನ! ಪಟಾಕಿಯ ಬತ್ತಿ ಹತ್ತಿತು, ಮೊಳೆ ಚುಚ್ಚಿತು. ಕೊಂಡಿ ಮಾತ್ರ ಕಳಚಲಿಲ್ಲ.

"ಅಯ್ಯೋ, ನನ್ ಅರುಗೋಲು!" ಎಂದು ಬೆಸ್ತ ಬಾಯಿ ಬಡಿದುಕೊಂಡ. ಭಾವ ನೀರಿಗೆ ಹಾರಿ ದಡಕ್ಕೆ ಬಂದರು. ಹುಬ್ಬು ಎರಡೂ ಸುಟ್ಟಿದ್ದವು. ಅಂಥ ಹೊತ್ತಿನಲ್ಲೂ ಹೇಳಿದ್ದೇನು ಗೊತ್ತೆ? "ಕೊಂಡಿ ಬದಲು ಹಗ್ಗ ಹಾಕಬೇಕಿತ್ತು."

ಶಾಲೆಯವರು ಕೆಲಸದಿಂದ ತೆಗೆದರು. ಅಕ್ಕ ಒಂದು ಹಾಸ್ಟೆಲಿಗೆ ಅಡಿಗೆಗೆ ಸೇರಿ, ಐವತ್ತು ಮಕ್ಕಳಿಗೆ ಮುದ್ದೆ ತೊಳಸತೊಡಗಿದಳು. ಭಾವ ಜಗುಲಿಯಲ್ಲಿ ಕೂತು ಹಗ್ಗದ ಗಂಟು ಅಭ್ಯಾಸ ಮಾಡಿದರು. ಮಹಾಶಯರ ಯುದ್ಧದಲ್ಲಿ ಸತ್ತ ಶತ್ರು ಒಬ್ಬನೂ ಇಲ್ಲ, ಬೆಂದವಳು ನಮ್ಮಕ್ಕ ಒಬ್ಬಳೇ! ನಾನು ಅವರೊಡನೆ ಮಾತು ಬಿಟ್ಟೆ. ಹಬ್ಬಕ್ಕೆ ಹೋದರೂ ಅಕ್ಕನ ಕೈಗೆ ಹಣ್ಣು ಕೊಟ್ಟು, ಆ ಮನುಷ್ಯನ ಕಡೆ ತಿರುಗದೆ ಬರುತ್ತಿದ್ದೆ. ಹೀಗೇ ಹತ್ತು ವರ್ಷ.

ಅಕ್ಕನಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾದ ಮೇಲೆ, ಅವಳನ್ನು ನಮ್ಮೂರು ಹೆಮ್ಮರಗಾಲಕ್ಕೆ ಒಯ್ದುಬಿಡೋಣವೆಂದು ಆಟೋ ಮಾಡಿಕೊಂಡು ಹೋದೆ.

"ಅಕ್ಕನ್ನ ಕರ್ಕೊಂಡ್ ಹೋಗ್ತೀನಿ. ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಇದು" ಎಂದೆ.

ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಭಾವ ಜಗಳ ಆಡಲಿಲ್ಲ. ಅಕ್ಕನ ಸೀರೆಗಳನ್ನು ಒಂದೊಂದೇ ಮಡಿಸಿ ಚೀಲಕ್ಕಿಡುತ್ತ ಹೇಳಿದರು. "ಮುದ್ದೆ ಕೊಡಬೇಡ, ನೆತ್ತಿಗೆ ಹತ್ತುತ್ತೆ. ಗಂಜಿ ತೆಳ್ಳಗಿರಲಿ. ಉಂಡಾದ ಮೇಲೆ ಎಡಗಡೆ ದವಡೇಲಿ ಉಳ್ಕೊಂಡಿರುತ್ತೆ, ಬೆರಳು ಹಾಕಿ ತೆಗಿ. ಹೆದರಬೇಡ, ಕಚ್ಚಲ್ಲ ಅವಳು. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸು. ಬಲಗಡೆ ತಿರುಗಿಸುವಾಗ ಅಳ್ತಾಳೆ, ಆಗ ಬೆನ್ನು ಸವರಬೇಕು..."

ನಾನು ಅಕ್ಕನನ್ನು ನೋಡಿದೆ. ಎಣ್ಣೆ ಹಚ್ಚಿ ಬಾಚಿದ ತಲೆ, ಸೊಟ್ಟ ಜಡೆ. ಎರಡು ತಿಂಗಳು ಮಲಗಿದ್ದರೂ, ಮಗ್ಗುಲು ತಿರುಗಿಸಿ ನೋಡಿದರೆ ಅವಳ ಬೆನ್ನಲ್ಲಿ ಒಂದು ಹುಣ್ಣೂ ಇರಲಿಲ್ಲ. ಬಲಗೈಯಲ್ಲಿ ಭಾವನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ನಾನು ಮೆಲ್ಲಗೆ ಬಿಡಿಸಲು ನೋಡಿದೆ. ಇನ್ನೂ ಬಿಗಿ ಮಾಡಿದಳು.

ಹೊರಗೆ ಹೋಗಿ ಆಟೋದವನನ್ನು ಕಳಿಸಿ ಬಂದೆ.

"ಭಾವ, ಎರಡು ದಿನ ಇಲ್ಲೇ ಇರ್ತೀನಿ. ಗಂಜಿ ಮಾಡೋದು ತೋರಿಸಿಕೊಡಿ" ಎಂದೆ.