ಎರಡು ಗಾಡಿ, ಅರ್ಧ ತೊಳೆದ ಎಮ್ಮೆ

ಎಮ್ಮೆಯ ಎಡಮಗ್ಗುಲು ತೊಳೆದು ಜಗದೇವ ಬಲಮಗ್ಗುಲಿಗೆ ಬರುವಷ್ಟರಲ್ಲಿ ಕಿಸೆಯೊಳಗಿನ ಫೋನು ಬಡಿದುಕೊಂಡಿತು. ಒದ್ದೆ ಕೈಯನ್ನು ಎಮ್ಮೆಯ ಬೆನ್ನಿಗೇ ಒರೆಸಿ ಎತ್ತಿದ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಹಫೀಜ.

"ಜಗದೇವಣ್ಣ, ಬಿಳೇ ಗಾಡಿ ಬಂದದ. ಒಬ್ಬ ಗಂಡಸು, ಒಬ್ಬಾಕಿ ಹೆಣ್ಮಗಳು. ನಿನ್ನ ಮನಿ ಎಲ್ಲಿ, ನೀ ಏನ್ ಮಾಡ್ತಿ ಅಂತ ಕೇಳಿದ್ರು. ನಿನ್ನ ಭಾಳ ಹೊಗಳಿ, ಎಲ್ಲಾ ಬಂದೋಬಸ್ತ್ ಮಾಡಿ ಕಳಿಸೇನಿ, ನೀ ಫಿಕರ್ ಮಾಡಬ್ಯಾಡ."

ಜಗದೇವನ ಎದೆ ಒಲೆಯ ಮೇಲೆ ಮರೆತ ಹಾಲಿನಂತೆ ಉಕ್ಕಿತು. ಬಕೆಟ್ಟು ಹಿಡಿದು ನಿಂತಿದ್ದ ಅಕ್ಕನ ಮಗಳು ಅಮೃತಾ ಅವನ ಲುಂಗಿಯ ಅಂಚು ಜಗ್ಗಿದಳು.

"ಮಾಮಾ, ಒಂದ್ ಮಾತು ಕೇಳ್ಲಿ?"

"ಆಮ್ಯಾಲ ಕೇಳವ್ವ. ಹೆಣ್ಣಿನ ಕಡಿಯವರು ಬಂದಾರ."

ಜಗದೇವ ಬಿ.ಎ. ಓದಿದ್ದ, ಐಟಿಐ ಮಾಡಿದ್ದ, ಈಗ ಅತನೂರಿನಲ್ಲಿ ಎಮ್ಮೆ ತೊಳೆಯುತ್ತಿದ್ದ. ಆದರೆ ಆ ವಾರ ಅವನಿಗೆ ಎರಡು ಆಸೆ ಒಟ್ಟಿಗೇ ಚಿಗುರಿದ್ದವು. ಈ ಭಾಗದ ನಿರುದ್ಯೋಗಿಗಳಿಗೆಂದು ಬಂದ ಅನುದಾನದಲ್ಲಿ ಅಫಜಲಪುರದಲ್ಲಿ ಸೋಲಾರ್ ಪಂಪ್ ರಿಪೇರಿಯ ತರಬೇತಿ ಶುರುವಾಗುವುದಿತ್ತು. ಊರಿಗೊಂದೇ ಸೀಟು. ಕಲಿಯುವಾಗ ಊಟ, ವಸತಿ. ಕಲಿತ ಮೇಲೆ ಖಾತ್ರಿ ನೌಕರಿ. ಷರತ್ತು ಇಷ್ಟೇ: ಕೈಯಲ್ಲಿ ಯಾವ ಕೆಲಸವೂ ಇರಬಾರದು. ಆ ಅರ್ಹತೆ ಜಗದೇವನಲ್ಲಿ ತುಂಬಿ ತುಳುಕುತ್ತಿತ್ತು. ಯಾರಿಗೂ ಹೇಳದೆ ಅರ್ಜಿ ಹಾಕಿ, ಕರೆ ಬಂದೀತೆಂದು ಫೋನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ.

ಇನ್ನೊಂದು ಆಸೆ ಜೇವರ್ಗಿಯ ಕಡೆಯದು. ಅಲ್ಲಿನ ಒಂದು ಮನೆಯವರು ಹುಡುಗನನ್ನು ವಿಚಾರಿಸಲು ಬರುತ್ತಾರೆಂದು ಸುದ್ದಿ ಬಂದಿತ್ತು. ಇಂಥವರು ಹೇಳಿ ಬರುವುದಿಲ್ಲ. ದಾರಿಹೋಕರ ಹಾಗೆ ಬಂದು, ಓಣಿಯವರನ್ನು ಮಾತಿಗೆಳೆದು, ಹುಡುಗನ ನಡತೆ, ದುಡಿಮೆ ತಿಳಿದುಕೊಂಡು ಹೋಗುತ್ತಾರೆ. ಓಣಿಯವರು ಗೊತ್ತಿದ್ದೂ ಗೊತ್ತಿಲ್ಲದವರಂತೆ ಮಾತಾಡುತ್ತಾರೆ. ಹುಡುಗನಂತೂ ಎದುರಿಗೆ ಸುಳಿಯಲೇಬಾರದು.

ಜಗದೇವ ಎಮ್ಮೆಯನ್ನು ಹಾಗೇ ಬಿಟ್ಟು ಹಿತ್ತಲ ಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತ. ಒಳಗೆ ಅವನ ಅವ್ವ ಭಾಗಮ್ಮ ಸಿಹಿ ಸಜ್ಜಕಕ್ಕೆ ರವೆ ಹುರಿಯತೊಡಗಿದಳು. ಗೋಡೆಯಾಚೆ ಚಿಕ್ಕಪ್ಪನ ಹೆಂಡತಿ, ಚಿಗವ್ವ ಸಾಬವ್ವನ ಮನೆ. ಬಿಳಿ ಗಾಡಿ ಅಲ್ಲೇ ನಿಂತಿತು.

"ಜಗದೇವ ಅಂದ್ರ ಇದೇ ಓಣಿಯಾಂವೇನ್ರಿ? ಏನರೆ ಕೆಲಸ ಅದನ ಅವಗ?" ಹೆಣ್ಣುಮಗಳ ದನಿ.

"ಕೆಲಸ ಅದನ ಅಂತ ಕೇಳ್ತೀರಲ್ರಿ ಯವ್ವಾ," ಸಾಬವ್ವ ನಕ್ಕಳು. "ಉಣ್ಣಾಕ ವ್ಯಾಳ್ಯಾ ಇಲ್ಲ ಅವಗ. ಭೂಸನೂರ ಕಡಿ ಸಕ್ಕರಿ ಫ್ಯಾಕ್ಟರಿಯಾಗ ಸಾಹೇಬ. ಅವ ಇಲ್ಲಂದ್ರ ಸಕ್ಕರಿ ಸಿಹಿನೇ ಆಗಂಗಿಲ್ಲಂತ."

ಕಟ್ಟೆಯ ಮೇಲೆ ಕೂತಿದ್ದ ಅವಳ ಮಗ ನಾಗಣ್ಣ ಸುಮ್ಮನಿದ್ದಾನೆಯೇ? ಜಗದೇವನೆಂದರೆ ಅವನಿಗೆ ಪ್ರಾಣ. "ಅಣ್ಣಗ ಕೈತುಂಬ ಪಗಾರ ರೀ. ಗಾಡಿ ಬಂದು ಕರ್ಕೊಂಡು ಹೋಗ್ತದ, ಗಾಡಿ ತಂದು ಬಿಡ್ತದ."

"ನೀವೇನ್ ಮಾಡ್ತೀರಿ?" ಗಂಡಸು ಕೇಳಿದ.

"ನಾನೇನ್ರಿ, ಐಟಿಐ ಮಾಡಿ ಖಾಲಿ ಕುಂತೇನಿ. ಮುಂಜಾನೆ ಈ ಕಟ್ಟಿ, ಮಧ್ಯಾಹ್ನ ಆ ಕಟ್ಟಿ. ಅಣ್ಣನ ಉಗುರಿಗೂ ನಾ ಸಮ ಇಲ್ಲ."

"ನಿಮ್ಮ ಫೋನ್ ನಂಬರ್ ಕೊಡ್ತೀರೇನು?"

ನಾಗಣ್ಣ ಸಂತೋಷದಿಂದ ಕೊಟ್ಟ. ಗಾಡಿ ಧೂಳೆಬ್ಬಿಸಿ ಹೋಯಿತು. ಜಗದೇವ ಗೋಡೆ ಹಾರಿ ಬಂದು ತಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ನಾಗಣ್ಣ ಅಲ್ಲಿಂದಲೇ ಹೊರಟ. "ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ನಿನ್ನ ಹೆಸರಲೆ ಕಾಯಿ ಒಡಿಸ್ಕೊಂಡು ಬರ್ತೇನಿ. ಹೆಣ್ಣು ಪಕ್ಕಾ ಆಗ್ಲಿ."

ಸಜ್ಜಕದ ಮೊದಲ ತುತ್ತು ಬಾಯಿಗೆ ಹೋಗುವಾಗಲೇ ಜಗದೇವನ ಫೋನು ಮತ್ತೆ ಬಡಿದುಕೊಂಡಿತು.

"ಜಗದೇವ ಅವರೇನ್ರಿ? ತರಬೇತಿ ಕೇಂದ್ರದಿಂದ ಮಾತಾಡಾಕತ್ತೀವಿ. ಮುಂಜಾನೆ ನಮ್ಮವರಿಬ್ಬರು ನಿಮ್ಮೂರಿಗೆ ಬಂದಿದ್ರು. ಹೇಳಿ ಬಂದ್ರ ಊರಿಗೆ ಊರೇ ಖಾಲಿ ಕುಂತೀವಿ ಅಂತದ, ಅದಕ್ಕ ಹೇಳದನೇ ಬರ್ತೀವಿ. ನಿಮಗ ಫ್ಯಾಕ್ಟರಿಯಾಗ ಛಲೋ ನೌಕರಿ ಅದಂತ. ಭಾಳ ಸಂತೋಷ. ನಿಮ್ಮ ಹೆಸರು ಪಟ್ಟಿಯೊಳಗಿಂದ ತೆಗದೀವಿ."

ಜಗದೇವ ತಟ್ಟೆ ಸರಿಸಿ ಎದ್ದು ನಿಂತ. "ಸಾಹೇಬ್ರ, ನನಗ ಯಾವ ಕೆಲಸನೂ ಇಲ್ರಿ. ದೇವರಾಣಿ ಇಲ್ರಿ."

"ಸಾಹೇಬ ಇದ್ದೀರಿ, ಗಾಡಿ ಬರ್ತದ, ಗಾಡಿ ಹೋಗ್ತದ ಅಂತ ನಿಮ್ಮ ಮಂದಿನೇ ಹೇಳ್ಯಾರಲ್ರಿ."

"ಆ ಗಾಡಿ ಹಾಲಿನ ಡೇರಿದ್ರಿ. ಎಮ್ಮಿ ಹಾಲು ಒಯ್ತದ, ನನ್ನ ಒಯ್ಯಂಗಿಲ್ಲ."

ಅತ್ತಲಿಂದ ಒಂದು ನಿಟ್ಟುಸಿರು ಬಂತು. "ಆಯ್ತು, ಸಂಜಿಯೊಳಗ ಇನ್ನೊಮ್ಮೆ ವಿಚಾರ ಮಾಡ್ತೀವಿ. ಆಮ್ಯಾಲ ನಮ್ಮ ಕೈಯಾಗ ಇರಂಗಿಲ್ಲ."

ಜಗದೇವ ಎಂಜಲು ಕೈಯಲ್ಲೇ ಹಫೀಜನ ಅಂಗಡಿಗೆ ಓಡಿದ. ಅಮೃತಾ ಹಿಂದೆಯೇ ಓಡಿದಳು. "ಮಾಮಾ, ಒಂದ್ ಮಾತು..."

"ಆಮ್ಯಾಲ ಕೇಳು ನನ್ನವ್ವ, ಆಮ್ಯಾಲ."

ವಿಷಯ ತಿಳಿದು ಹಫೀಜ ಕಿವಿ ಹಿಡಿದುಕೊಂಡ. "ತೋಬಾ, ನಾ ನಿನ್ನ ದೊಡ್ಡ ಮನುಷ್ಯಾನ ಮಾಡಾಕ ಹೋಗಿ ಕೆಡಿಸಿದ್ನಲ್ಲೋ. ಈಗ ಗಾಡಿ ಬರ್ಲಿ, ನಿನಗಿಂತ ಖಾಲಿ ಮನುಷ್ಯ ಇಡೀ ಜಿಲ್ಲಾದಾಗ ಇಲ್ಲ ಅಂತೇನಿ."

ಸಾಬವ್ವನಿಗೆ ಒಂದೇ ಅನುಮಾನ. "ಖರೇ ಹೇಳು ಅಂತೀ. ಎಷ್ಟು ಖರೇ ಹೇಳ್ಲಿ?"

"ಇದ್ದಷ್ಟೂ ಹೇಳು ಚಿಗವ್ವ."

"ಎಮ್ಮಿ ಮೇಸಾಕ ಹೋಗಿ ನೀ ಮಲ್ಕೊಂಡು, ಎಮ್ಮಿ ತಾನೇ ಮನಿಗೆ ಬಂದು, ನಿನ್ನ ಹುಡುಕಾಕ ಮಂದಿ ಹೋಗಿದ್ದು?"

"ಅದನ್ನ ಎಲ್ಲಾಕಿಂತ ಮೊದಲು ಹೇಳು."

ಉಳಿದವನು ನಾಗಣ್ಣ. ಜಗದೇವ ಫೋನು ಹಚ್ಚಿದ, ಬ್ಯುಸಿ ಬಂತು. ಮತ್ತೆ ಹಚ್ಚಿದ, ಮತ್ತೆ ಬ್ಯುಸಿ. ಇರಲಿ, ಊರಲ್ಲೇ ಇಲ್ಲದವನನ್ನು ಯಾರು ಕೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡ.

ಹೊತ್ತು ಇಳಿಯುವಾಗ ಕೆಂಪು ಗಾಡಿಯೊಂದು ಓಣಿಗೆ ತಿರುಗಿತು. ಮತ್ತೆ ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು. ಈ ಸಲ ಜಗದೇವ ಅಡಗಲಿಲ್ಲ. ತೂತು ಬನಿಯನ್ನು ಹಾಕಿ, ಕೂದಲು ಕೆದರಿಕೊಂಡು, ನಾಟಕದ ಮೊದಲ ಪ್ರವೇಶಕ್ಕೆ ಕಾದವನಂತೆ ಸಾಬವ್ವನ ಕಟ್ಟೆಯ ಮೇಲೆ ಕಾಲು ಚಾಚಿ ಕೂತ.

"ಇಲ್ಲಿ ಜಗದೇವ ಅಂತ..." ಗಂಡಸು ಬಾಯಿ ತೆರೆದದ್ದೇ ತಡ, ಸಾಬವ್ವ ಶುರುಮಾಡಿದಳು.

"ಇವನೇ ನೋಡ್ರಿ. ಕೆಲಸ ಇಲ್ಲ, ಬೊಗಸಿ ಇಲ್ಲ. ಹೊತ್ತು ನೆತ್ತಿಗೆ ಬಂದ ಮ್ಯಾಲೆ ಏಳ್ತಾನ. ಇವ ಎಮ್ಮಿ ಕಾಯ್ತಾನೋ ಎಮ್ಮಿ ಇವನ್ನ ಕಾಯ್ತದೋ ದೇವರಿಗೇ ಗೊತ್ತು."

ಗಾಡಿಯ ಹಿಂದೆಯೇ ಓಡಿ ಬಂದಿದ್ದ ಹಫೀಜ ಏದುಸಿರಲ್ಲೇ ಸೇರಿಸಿದ. "ಇವ ಕುಂತು ಕುಂತು ನನ್ನ ಅಂಗಡಿ ಬೆಂಚಿನ ನಡ ಬಾಗ್ಯದ್ರಿ."

ಹೆಣ್ಣುಮಗಳು ಕರುಣೆಯಿಂದ ಜಗದೇವನನ್ನು ನೋಡಿದಳು. "ಖರೇ ಏನಪಾ?"

"ಖರೇರಿ ಅವ್ವಾರ," ಜಗದೇವ ಎದೆಯುಬ್ಬಿಸಿ ಹೇಳಿದ. "ಮುಂದನೂ ಏನೂ ಆಗೂ ಹಂಗ ಕಾಣಂಗಿಲ್ರಿ. ಬೇಕಾದ್ರ ಬರಕೊಳ್ರಿ."

ಅಷ್ಟರಲ್ಲಿ ನಾಗಣ್ಣ ಬಂದ. ಹಣೆತುಂಬ ಅರಿಶಿನದ ಭಂಡಾರ, ಕೈಯಲ್ಲಿ ಪ್ರಸಾದ, ಮುಖ ಆಗಷ್ಟೇ ಬೆಳಗಿಟ್ಟ ತಾಮ್ರದ ಕೊಡದ ಹಾಗೆ.

"ಅವ್ವಾ, ಭಾಗ್ಯವಂತಿ ಕಣ್ಣು ಬಿಟ್ಟಳು. ಅಫಜಲಪುರದಿಂದ ಫೋನ್ ಬಂದಿತ್ತು. ಜಗದೇವಗ ಖರೇನೇ ಕೆಲಸ ಅದನ ಅಂತ ಮತ್ತ ಕೇಳಿದ್ರು. ಹೆಣ್ಣಿನ ಕಡಿಯವರು ಪಕ್ಕಾ ಮಾಡ್ಕೊಳಾಕತ್ತಾರ ಅಂತ ತಿಳಿದು, ಸಾಹೇಬ ಅದಾನ, ಇನ್ನೂ ದೊಡ್ಡ ಸಾಹೇಬ ಆಗ್ತಾನ ಅಂತ ಎದಿ ತಟ್ಟಿ ಹೇಳಿದೆ. ಆಮ್ಯಾಲ ನೋಡಿದ್ರ ಅವರು ತರಬೇತಿಯವರು. ಹಂಗಾದ್ರ ಐಟಿಐ ಮಾಡಿ ಖಾಲಿ ಕುಂತ ನಿಮಗೇ ಊರಿನ ಸೀಟು, ಅರ್ಜಿ ನಾಳೆ ಬಂದು ತುಂಬ್ರಿ ಅಂದ್ರು. ಕಲಿತ ಮ್ಯಾಲೆ ನೌಕರಿನೂ ಖಾತ್ರಿ."

ಜಗದೇವ ಚಾಚಿದ್ದ ಕಾಲು ಮಡಚಿಕೊಂಡ. ಕೆಂಪು ಗಾಡಿಯವರತ್ತ ತಿರುಗಿ ನೋಡಿದ. ಹಾಗಾದರೆ ಇವರು?

ಹೆಣ್ಣುಮಗಳು ಗಂಡನ ಮುಖ ನೋಡಿದಳು. ಗಂಡ ನಾಗಣ್ಣನನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ಇವರು ಯಾರ ಮಗ?"

"ನನ್ನ ಮಗ ರೀ," ಎಂದಳು ಸಾಬವ್ವ, ಏನೂ ತಿಳಿಯದೆ.

"ಮದ್ವಿ ಆಗ್ಯದೇನು?"

"ಇಲ್ರಿ."

"ನಾವು ಜೇವರ್ಗಿಯವರು," ಹೆಣ್ಣುಮಗಳು ಸೆರಗು ಸರಿಮಾಡಿಕೊಂಡಳು. "ಮುಂಜಾನೆನೇ ಬರಬೇಕಂದಿದ್ವಿ, ಗಾಡಿ ಕೈಕೊಡ್ತು. ತಡಾ ಆಗಿದ್ದು ಛಲೋನೇ ಆತು ಅನಸ್ತದ. ಒಳಗ ಕುಂತು ಮಾತಾಡೂನೇನು?"

ಸಾಬವ್ವನ ಮನೆಯೊಳಗೆ ಕೂತು ನಾಗಣ್ಣನಿಗೇ ಹೆಣ್ಣು ಕೊಡುವ ಮಾತಾಡಿದರು. ಭಾಗಮ್ಮ ಮುಂಜಾನೆಯ ಸಜ್ಜಕವನ್ನು ನೋಡಿದಳು, ಮಗನನ್ನು ನೋಡಿದಳು. ಕಣ್ಣೊರೆಸಿಕೊಂಡು ಪಾತ್ರೆಯನ್ನು ಎತ್ತಿ ಸಾಬವ್ವನ ಮನೆಗೆ ಒಯ್ದಳು. "ಇರ್ಲಿ ಬಿಡು, ಮನಿಗೆ ಬರೂ ಸೊಸಿ ಮನಿಗೇ ಬರ್ತಾಳ," ಎಂದಳು.

ನಾಗಣ್ಣ ಹಿತ್ತಲಿಗೆ ಓಡಿ ಬಂದ. ಅವನಿಗೆ ಸಂತೋಷಪಡಬೇಕೋ ಅಣ್ಣನ ಕಾಲು ಹಿಡಿಯಬೇಕೋ ತಿಳಿಯದು. "ಅಣ್ಣಾ, ನಾ ಒಲ್ಲೆ ಅಂದೆ. ಅವ್ವ ಕೇಳವಲ್ಲಳು. ನೀ ಬ್ಯಾಡಂದ್ರ ಈಗೇ ಹೋಗಿ ಬ್ಯಾಡಂತೇನಿ."

ಜಗದೇವ ತಮ್ಮನ ಮುಖ ನೋಡಿದ. ಈ ಹುಚ್ಚ ತನಗಾಗಿ ಕಾಯಿ ಒಡೆಸಲು ಹೋಗಿದ್ದ. "ಹೋಗಲೇ, ಹುಡುಗಿ ಫೋಟೋ ನೋಡೇನಿ, ಲಕ್ಷಣ ಅದಾಳ," ಎಂದ.

"ಹಂಗಾದ್ರ ನಿನ್ನ ನೀಲಿ ಅಂಗಿ ಕೊಡ್ತಿ ಏನು? ನಂದರಾಗ ಗುಂಡಿ ಇಲ್ಲ."

ಜಗದೇವ ಇಸ್ತ್ರಿ ಮಾಡಿಟ್ಟಿದ್ದ ಅಂಗಿ ತಂದುಕೊಟ್ಟ, ಕಾಲರ್ ಸರಿಮಾಡಿ ಕಳಿಸಿದ.

ಹಿತ್ತಲಲ್ಲಿ ಎಮ್ಮೆ ಮುಂಜಾನೆ ಬಿಟ್ಟ ಜಾಗದಲ್ಲೇ ನಿಂತಿತ್ತು. ಎಡಮಗ್ಗುಲು ಕನ್ನಡಿಯ ಹಾಗೆ ಮಿಂಚುತ್ತಿತ್ತು, ಬಲಮಗ್ಗುಲಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಗೋಡೆಯಾಚೆಯಿಂದ ನಗು ತೇಲಿಬಂತು. ಅಮೃತಾ ಬಕೆಟ್ಟು ತುಂಬಿಸಿ ತಂದು ಅವನ ಮುಂದಿಟ್ಟಳು.

ಜಗದೇವ ಲುಂಗಿ ಎತ್ತಿಕಟ್ಟಿ ಬಲಮಗ್ಗುಲಿಗೆ ನೀರು ಎರಚಿದ. "ಈಗ ಕೇಳವ್ವ. ಮುಂಜಾನಿಂದ ಏನೋ ಕೇಳಾಕತ್ತಿದ್ದಿ."

ಅಮೃತಾ ಎಮ್ಮೆಯ ಬಾಲ ಹಿಡಿದು ಬದಿಗೆ ಸರಿಸಿದಳು.

"ಮಾಮಾ, ಗಾಡಿ ಬಂದಾಗ ನೀವು ಯಾರ್ರಿ ಅಂತ ಅವರನ್ನೇ ಯಾಕ ಯಾರೂ ಕೇಳ್ಲಿಲ್ಲ?"