ಮಗಳ ಇಂಜೆಕ್ಷನ್ನಿನ ಪಾಡು

ಕಡಲೆಬೀಜ ತಿಂದರೆ ಉಸಿರು ಕಟ್ಟುವ ಮಗುವನ್ನು ದೊಡ್ಡಬಳ್ಳಾಪುರದಲ್ಲಿ ಹೆತ್ತ ಮೇಲೆ ಇಂಥ ಪ್ರಸಂಗಗಳಿಗೆ ಬರವೇ ಇಲ್ಲ. ಇಲ್ಲಿ ಚಟ್ನಿಗೂ ಬೀಜ, ಚಿತ್ರಾನ್ನಕ್ಕೂ ಬೀಜ, ಹರಟೆಗೆ ಕೂತರೂ ಬೀಜ. ಆರು ವರ್ಷದ ಮಗಳ ಹೊಟ್ಟೆಗೆ ಅದರ ಚೂರು ಹೋದರೂ ತಕ್ಷಣ ತೊಡೆಗೆ ಚುಚ್ಚಬೇಕು. ಅದಕ್ಕೆಂದೇ ಪೆನ್ನಿನಂಥ ಇಂಜೆಕ್ಷನ್ ಒಂದಿದೆ. ನಮ್ಮೂರಲ್ಲಿ ಸಿಗುವುದಿಲ್ಲ. ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಯಾರನ್ನೋ ಕಾಡಿ ಬೇಡಿ ವಿದೇಶದಿಂದ ತರಿಸಿದ್ದು. ಇದ್ದದ್ದು ಒಂದೇ.

ಬೀರು

ಕೈಗೆ ಸಿಗುವ ಹಾಗೆ ಇಡಿ ಎಂದು ಶಾಲೆಯ ಮೇಡಮ್ಮಿಗೆ ಕೊಟ್ಟಿದ್ದೆ. ಒಂದು ದಿನ ವಿಚಾರಿಸಲು ಹೋದೆ.

"ಭದ್ರವಾಗಿದೆ ಬಿಡೀಮ್ಮ, ಬೀರುವಿಗೆ ಬೀಗ ಹಾಕಿದ್ದೀವಿ."

"ಬೀಗದ ಕೈ?"

"ಹೆಡ್‌ಮಾಸ್ಟರ್ ಹತ್ರ. ಟ್ರೈನಿಂಗ್‌ಗೆ ಹೋಗಿದ್ದಾರೆ, ಗುರುವಾರ ಬರ್ತಾರೆ. ಅಲ್ಲೀವರ್ಗೂ ಮಗೂಗೆ ಹುಷಾರಾಗಿರೋಕೆ ಹೇಳಿ."

ಎದುರುಮನೆ ಅಜ್ಜಿ

"ಬೀಜ ಕೊಡ್ಬೇಡಿ ಅಜ್ಜಿ, ಪ್ರಾಣಕ್ಕೇ ಸಂಚಕಾರ" ಎಂದು ಎದುರುಮನೆ ಅಜ್ಜಿಗೆ ಹೇಳಿ ಹೇಳಿ ಸಾಕಾಗಿತ್ತು. ಒಂದು ಸಂಜೆ ಚಿತ್ರಾನ್ನ ಹಿಡಿದು ಬಂದರು.

"ಬೀಜ ಹಾಕಿದ್ದೀರಾ?"

"ಹಾಕಿದ್ದೆ ಕಣೆ. ನಿನ್ ಮಗಳಿಗೆ ಅಂತ ಒಂದೊಂದೂ ಆರಿಸಿ ತೆಗ್ದಿದ್ದೀನಿ."

ತಟ್ಟೆಯನ್ನು ನಾನೇ ಖಾಲಿ ಮಾಡಿದೆ, ಅಳುತ್ತಾ. ಅಜ್ಜಿ ಕೇಳಿದರು: "ಖಾರ ಜಾಸ್ತಿ ಆಯ್ತೇನೇ?"

ಆಯುಧಪೂಜೆ

ಅಷ್ಟರಲ್ಲಿ ಇಂಜೆಕ್ಷನ್ ವಾಪಸ್ ತಂದು ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ನಮ್ಮದು ಮಗ್ಗದ ಮನೆ. ಆಯುಧಪೂಜೆಗೆ ಲಾಳಿ, ಕತ್ತರಿ, ಸ್ಪ್ಯಾನರ್ ಎಲ್ಲ ದೇವರ ಮುಂದೆ ಕೂರುತ್ತವೆ. ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅವತ್ತು ನಾನು ತೋರಣ ಕಟ್ಟುತ್ತಿದ್ದಾಗ ಯಾರೋ ಮಗಳಿಗೆ ಪುಳಿಯೋಗರೆ ತಿನ್ನಿಸಿದ್ದರು. ತುಟಿ ಊದಿತು, ಉಸಿರು ಗೊರಗೊರ ಎಂದಿತು. ಬ್ಯಾಗಿಗೆ ಕೈ ಹಾಕಿದರೆ ಇಂಜೆಕ್ಷನ್ ಇಲ್ಲ! ನೋಡಿದರೆ ಲಾಳಿಗಳ ಪಕ್ಕ, ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕೂತಿದೆ.

"ಮುಟ್ಬೇಡ್ವೇ! ನಾಳೆ ಎತ್ತೋದು!" ಅತ್ತೆ ಅಡ್ಡ ಬಂದರು.

ನೂಕಿಯೇ ಬಿಟ್ಟೆ. ಹೂ ಕಿತ್ತೆಸೆದು ಮಗಳ ತೊಡೆಗೆ ಒತ್ತಿ ಹಿಡಿದೆ. ಅತ್ತೆಯನ್ನೂ ಬೈದೆ, ದೇವರನ್ನೂ ಬೈದೆ. ಬಾಳೆಕಂದು ಕಟ್ಟಿದ್ದ ಆಟೋದಲ್ಲೇ ಆಸ್ಪತ್ರೆಗೆ ಓಡಿದೆವು.

ಉಸಿರು ತಿಳಿಯಾಗಿ ಮಗಳು "ಅಮ್ಮಾ" ಎಂದಳು. ಡಾಕ್ಟರ್ ತೊಡೆ ನೋಡಿ, "ಇಷ್ಟೊಂದು ರಕ್ತ ಯಾಕೆ?" ಎಂದರು.

"ಕುಂಕುಮ" ಎಂದೆ.

ಅತ್ತೆ ಮುಂದೆ ಬಂದರು. "ನಂದೇ ತಪ್ಪು ಡಾಕ್ಟ್ರೇ. ಇನ್ಮೇಲೆ ಎರಡು ತರಿಸ್ತೀವಿ. ಒಂದು ಪೂಜೆಗೆ, ಒಂದು ಮಗೂಗೆ."

ಎರಡಿರಲಿ ಎಂದು ನಾನು ವರ್ಷದಿಂದ ಬಾಯಿ ಬಡಿದುಕೊಂಡಿದ್ದೆ; ಮನೆಯಲ್ಲಿ ಒಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಡಾಕ್ಟರ್ ನನ್ನ ಕಡೆ ತಿರುಗಿ ಗದರಿದರು:

"ಎರಡು ಇರ್ಲೇಬೇಕು ಕಣಮ್ಮ! ವಯಸ್ಸಾದೋರಿಗಿರೋ ತಿಳುವಳಿಕೆ ನಿನಗಿಲ್ವಲ್ಲ!"