ಮಾವನ ವಿಜಯವಾರ್ತೆ

ನಮ್ಮ ಸೋದರಮಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುಳ್ಳಿನ ಪರಿಚಯವಿಲ್ಲ ಎಂದಲ್ಲ, ರಾಮ ರಾಮ! ಮೈಸೂರಿನ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಲೇ, ಯುದ್ಧಕಾಲದಲ್ಲಿ ಜಪಾನ್ ಸರ್ಕಾರ ಹೇಳಿದ ಸುಳ್ಳುಗಳನ್ನು ಮೂವತ್ತು ವರ್ಷ ಕಲೆಹಾಕಿದವರು ಅವರು. ಅಷ್ಟೆಲ್ಲ ತುಂಬಿಕೊಂಡ ತಲೆಯಲ್ಲಿ ಸ್ವಂತ ಸುಳ್ಳಿಗೆ ಜಾಗವೆಲ್ಲಿ? ಏಳು ತಿಂಗಳ ಬಸುರಿ ನಾನು, "ತುಂಬಾ ದಪ್ಪ ಕಾಣ್ತೀನಾ ಮಾವ?" ಎಂದರೆ, ಕನ್ನಡಕ ಸರಿಮಾಡಿಕೊಂಡು ನೋಡಿ "ಹೂಂ, ತುಂಬಾ" ಎಂದುಬಿಟ್ಟರು!

ಬಾಣಂತನಕ್ಕೆ ಬರಬೇಕಾಗಿದ್ದವರು ಅಮ್ಮ. ಬಂದವರು ಮಾವ! ನಾವಿರುವ ಡಬ್ಲಿನ್ನಿನ ಲೈಬ್ರರಿಯೊಂದರಲ್ಲಿ ಹಳೆಯ ಜಪಾನೀ ಕಾಗದಗಳನ್ನು ನೋಡಬೇಕೆಂದು ತಮ್ಮ ಅಕ್ಕನಿಗಿಂತ, ಅಂದರೆ ನಮ್ಮಮ್ಮನಿಗಿಂತ, ಮೊದಲೇ ವಿಮಾನ ಹತ್ತಿದ್ದರು. ಅವರು ಇಳಿದ ವಾರವೇ ಕೊರೋನಾ ಬಂದು ಲೈಬ್ರರಿಗೆ ಬೀಗ, ಅಮ್ಮನ ವಿಮಾನಕ್ಕೆ ಬೀಗ, ನಾವಿದ್ದ ಇಡೀ ಬ್ಲಾಂಚರ್ಡ್ಸ್‌ಟೌನಿಗೇ ಬೀಗ. ಗಂಡ ಲೀಕ್ಸ್‌ಲಿಪ್ಪಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಗೆ ಹೋದರೆ ಮನೆಯಲ್ಲಿ ನಾನು, ಮಾವ, ಹೊಟ್ಟೆಯೊಳಗಿನ ಕೂಸು. ಕಿಟಕಿಯಾಚೆ ಖಾಲಿ ರಸ್ತೆಯ ಮೇಲೆ ಚೆರ್ರಿ ಹೂವು ಸದ್ದಿಲ್ಲದೆ ಉದುರುತ್ತಿತ್ತು. ಎಚ್ಚರವಿದ್ದೆನೋ, ಕನಸು ಕಾಣುತ್ತಿದ್ದೆನೋ, ಎಷ್ಟೋ ಮಧ್ಯಾಹ್ನ ನನಗೇ ತಿಳಿಯುತ್ತಿರಲಿಲ್ಲ.

ಜಪಾನಿನವರು ಸ್ನೇಹಕ್ಕೆಂದು ಪರದೇಶಗಳಿಗೆ ಚೆರ್ರಿ ಸಸಿ ಕಳಿಸುತ್ತಿದ್ದರಂತೆ. ಅದೇ ಲೆಕ್ಕದಲ್ಲಿ ಮಾವ ಪಕ್ಕದ ಮನೆಯ ಐರಿಷ್ ಅಜ್ಜಿಗೆಂದು ಕಾಂಪೌಂಡಿನ ಮೇಲೆ ಕೋಡುಬಳೆ ಇಟ್ಟು ಆರಡಿ ಹಿಂದೆ ಸರಿದರು. ಅಜ್ಜಿ ಕಚ್ಚಿದರು, ಖಾರಕ್ಕೆ ಕಣ್ಣೀರು ಸುರಿಸುತ್ತ, ಇಲ್ಲಿನವರು ಎಲ್ಲಕ್ಕೂ ಹೇಳುವಂತೆ, "ಗ್ರ್ಯಾಂಡ್!" ಎಂದರು.

"ನೋಡ್ದೇನೇ? ಈ ದೇಶದ ಪ್ರಚಾರಕ್ಕೆ ಒಂದೇ ಪದ ಸಾಕು!" ಎಂದರು ಮಾವ.

ಇನ್ನೊಂದು ದಿನ ಅವರ ಉಪ್ಪಿಟ್ಟು ತಳ ಹಿಡಿಯಿತು.

"ಸೀದೋಯ್ತಾ ಮಾವ?"

"ಸೀದೋಯ್ತು. ಟೋಕಿಯೋದವರಾಗಿದ್ರೆ 'ಉಪ್ಪಿಟ್ಟು ಬೇರೆ ದಿಕ್ಕಿಗೆ ಮುನ್ನಡೀತು' ಅಂತಿದ್ರು. ಸೈನ್ಯ ಸೋತು ಹಿಂದೆ ಬಂದಾಗ ಹಂಗೇ ಹೇಳ್ತಿದ್ದಿದ್ದು!"

"ಜನ ನಂಬ್ತಿದ್ರಾ?"

"ಜಾಣರು ಮ್ಯಾಪ್ ನೋಡ್ತಿದ್ರು ಕಣೇ. ದಿನಾ ಗೆದ್ವಿ, ಗೆದ್ವಿ ಅಂತಾರೆ. ಗೆದ್ದ ಜಾಗ ಮಾತ್ರ ದಿನಾ ಊರ ಹತ್ರಕ್ಕೇ ಬರ್ತಾ ಇದೆ! ಗೆಲ್ಲೋರು ಮುಂದಕ್ಕೆ ತಾನೇ ಹೋಗ್ಬೇಕು?"

ಆಮೇಲೆ ಮೈಸೂರಿನಲ್ಲಿ ಅಮ್ಮನಿಗೆ ಜ್ವರ ಬಂತು. ಮಾತಾಡಿದರೆ ಕೆಮ್ಮು. ಹಾಗಾಗಿ ಅಮ್ಮನ ಜೊತೆಗಿದ್ದ ನನ್ನಣ್ಣ ಮಾವನಿಗೆ ಫೋನ್ ಮಾಡುವುದು, ಮಾವ ನನಗೆ ವರದಿ ಒಪ್ಪಿಸುವುದು ಎಂದಾಯಿತು.

ಸೋಮವಾರ: "ಅಕ್ಕ ಗೇಟಿನ ತನಕ ನಡೆದಳಂತೆ!" ನಾನು ಕುಣಿಯುವುದೊಂದು ಬಾಕಿ. ಬುಧವಾರ: "ಜಗಲಿ ಮೇಲೆ ಕೂತು ಬಿಸಿಲು ಕಾಯಿಸಿದಳಂತೆ, ಫಸ್ಟ್ ಕ್ಲಾಸ್!" ಶುಕ್ರವಾರ: "ನಡುಮನೇಲಿ ನಾಲ್ಕು ಹೆಜ್ಜೆ ಹಾಕಿದಳಂತೆ!" ಭಾನುವಾರ ದನಿ ಇನ್ನೂ ಜೋರು: "ಮಂಚದ ಮೇಲೆ ತಾನೇ ಎದ್ದು ಕೂತಳಂತೆ!"

ಕಾಫಿ ಲೋಟ ಕೈಯಲ್ಲೇ ಉಳಿಯಿತು. ಗೇಟು, ಜಗಲಿ, ನಡುಮನೆ, ಮಂಚ. ಒಂದೂ ಸುಳ್ಳಲ್ಲ.

"ಮಾವ, ಮ್ಯಾಪ್ ನೋಡೋದು ನೀವೇ ಕಲಿಸಿದ್ದಲ್ವಾ?"

ಮಾವ ಕನ್ನಡಕ ತೆಗೆದರು. "ಹೊಟ್ಟೇಲಿ ಕೂಸಿದೆಯಲ್ಲ ಮಗು... ಹೆಂಗೆ ಹೇಳ್ಲಿ?"

ಸಿಟ್ಟು ಬರಬೇಕಿತ್ತು, ಅಳು ಬಂತು. ಅವರ ಪಕ್ಕದಲ್ಲೇ ಕೂತು ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮನ ಮುಖ ಇಷ್ಟೇ ಇಷ್ಟಾಗಿತ್ತು.

"ನಂಗೇನಾಗಿದೆ? ಚೆನ್ನಾಗಿದ್ದೀನಿ," ಎಂದರು ಅಮ್ಮ, ಪ್ರತಿ ಪದಕ್ಕೂ ಉಸಿರೆಳೆದುಕೊಳ್ಳುತ್ತ. "ನಿಮ್ದು ಊಟ ಆಯ್ತಾ?"

ಬೆಳಗಿನಿಂದ ನಾವು ಒಲೆಯನ್ನೇ ಹಚ್ಚಿರಲಿಲ್ಲ.

"ಆಯ್ತಕ್ಕ, ಹೊಟ್ಟೆ ತುಂಬಾ," ಎಂದರು ಮಾವ, ಒಂಚೂರೂ ತಡವರಿಸದೆ.